ಆಸನಕ್ಕೊಪ್ಪುವ ಬಟ್ಟೆ

ಲಕ್ಷ್ಮಣತೀರ್ಥದ ದಡದಲ್ಲಿರುವ ಹುಣಸೂರು ಮರಕ್ಕೆ ಹೆಸರಾದ ಊರೆಂಬುದನ್ನು ವಾಚಕರು ಬಲ್ಲರು. ಹಿಂದೆ ಅಲ್ಲಿ ಸರ್ಕಾರದ ಮರದ ಕೋಠಿಯಲ್ಲದೆ ಚರ್ಮ ಹದಮಾಡುವ ಹಾಗೂ ಕಂಬಳಿ ತಯಾರಿಸುವ ಕಾರ್ಖಾನೆಗಳೂ ಇದ್ದುವು. 1864ರಲ್ಲಿ ಅವುಗಳನ್ನು ಮುಚ್ಚಿದ ಮೇಲೂ ಕಸಬು ಒಮ್ಮೆಗೇ ಊರು ಬಿಡಲಿಲ್ಲ. ಒಂದು ಕುರ್ಚಿಗೆ ಬೇಕಾದ ಮರ, ಚರ್ಮ, ಉಣ್ಣೆ ಮೂರೂ ಒಂದೇ ಊರಿನಲ್ಲಿ ದೊರೆಯುತ್ತಿದ್ದ ಕಾಲವದು.

ನಮಗೆ ಬೇಕಾಗಿದ್ದುದೂ ಒಂದು ಕುರ್ಚಿಯೇ. ಹೆಗ್ಗಡದೇವನಕೋಟೆಯ ಕಡೆಯ ಹಳ್ಳಿಯೊಂದರಲ್ಲಿರುವ ನಮ್ಮ ಅಕ್ಕನವರಿಗೆ ಎಪ್ಪತ್ತೈದು ತುಂಬಿದೆ. ಮಂಡಿ ಮಡಿಸಿ ಚಾಪೆಯ ಮೇಲೆ ಕೂರುವಂತಿಲ್ಲ. ಹಗಲೆಲ್ಲ ಬರಿಯ ಹಲಗೆಯ ಮೇಲೆ ಕುಳಿತು ಮೈ ಕೆಂಪೇರಿ ಹುಣ್ಣಾಗುವ ಹಾಗಿತ್ತು. ಮೆತ್ತನೆಯ ಆಸನವಾಗಬೇಕೆಂದು ವೈದ್ಯರ ಅಪ್ಪಣೆ. ಒಗೆಯಲಾಗದುದರ ಮೇಲೆ ಕೂರುವುದಿಲ್ಲವೆಂದು ಅಕ್ಕನವರ ಮಡಿ. ಹುಣಸೂರಿನಲ್ಲಿ ತೇಗದ ಕುರ್ಚಿ ಸಿದ್ಧವಾಯಿತು. ಬಟ್ಟೆಯದೇ ಪ್ರಶ್ನೆ.

ಅಮರಕೋಶದಲ್ಲಿ ವಿಷ್ಟರವೆಂಬ ಶಬ್ದಕ್ಕೆ ಮರವೆಂದೂ, ದರ್ಭೆಯ ಹಿಡಿಯೆಂದೂ, ಪೀಠವೆಂದೂ ಅರ್ಥವುಂಟು. ಮರವೂ ಅದರ ಮೇಲಿನ ಹಾಸೂ ಒಂದೇ ಮಾತಿನಲ್ಲಡಗಿದುವು! ಅದೇ ಕೋಶ ಬಟ್ಟೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ನಾರಿನಿಂದಾದುದು ವಾಲ್ಕ, ಹತ್ತಿಕಾಯಿಂದಾದುದು ಫಾಲ, ಹುಳುವಿನ ಗೂಡಿನಿಂದಾದುದು ಕೌಶೇಯ, ಪ್ರಾಣಿಗಳ ರೋಮದಿಂದಾದುದು ರಾಂಕವ. ಅಮರಸಿಂಹನು ಕಾಣದ ಐದನೆಯದು ಕಲ್ಲೆಣ್ಣೆಯಿಂದ ಹುಟ್ಟಿದ ಪಾಲಿಯೆಸ್ಟರು ಮತ್ತು ರೆಕ್ಸಿನ್ನು. ಈಗಿನ ಅಂಗಡಿಗಳಲ್ಲಿ ಮೊದಲು ಬಿಚ್ಚಿ ತೋರಿಸುವುದು ಈ ಐದನೆಯದನ್ನೇ.

ಹುಣಸೂರಿನ ಅಂಗಡಿಯವರು, "ರೆಕ್ಸಿನ್ ತಗೊಳ್ಳಿ ಮೇಷ್ಟ್ರೆ, ಒರೆಸಿಬಿಟ್ಟರೆ ಆಯಿತು" ಎಂದರು. ನೀರು ಒಳಕ್ಕಿಳಿಯದೆಂಬುದು ದಿಟ, ಬೆವರೂ ಇಳಿಯದಷ್ಟೆ! ಬೇಸಿಗೆಯಲ್ಲಿ ಮೈಗಂಟಿಕೊಳ್ಳುವ ಆ ಹೊದಿಕೆ ಹುಣ್ಣಿಗೆ ಹಾದಿ. ಮಕಮಲ್ಲು ನೋಟಕ್ಕೆ ಬಲು ಚೆಂದ. ಧೂಳನ್ನೂ ಅಷ್ಟೇ ಆದರದಿಂದ ಬರಮಾಡಿಕೊಳ್ಳುತ್ತದೆ.

ಬೇರೆ ಕಾರ್ಯನಿಮಿತ್ತ ಪಿರಿಯಾಪಟ್ಟಣಕ್ಕೆ ಹೋದೆವು. ಇದು ಹೊಗೆಸೊಪ್ಪಿನ ಸೀಮೆ. ಎಲೆಯನ್ನು ಬ್ಯಾರನ್ನುಗಳಲ್ಲಿ ಬಿಸಿಗಾಳಿಯಿಂದ ಹದಗೊಳಿಸುವ ದಿನಗಳಲ್ಲಿ ಅದರ ವಾಸನೆ ನೇತುಹಾಕಿದ ಪಂಚೆಗೂ ಹತ್ತುತ್ತದೆ. ಇಂತಹ ಕಡೆ ಬಿಚ್ಚಿ ಒಗೆಯಬರುವ ಹೊದಿಕೆಯೇ ಮೇಲು. ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟ್ಟಿನ ಜನರ ಉಣ್ಣೆಯ ರತ್ನಗಂಬಳಿಗಳನ್ನು ಕಂಡಾಗ ಮಾತ್ರ ಮನಸ್ಸು ವಾಲಿತು. ಗಂಟುಗಂಟಾಗಿ ಬಿಗಿದ ಆ ಕೆಲಸವನ್ನು ಎಷ್ಟು ಹೊತ್ತು ನೋಡಿದರೂ ತೃಪ್ತಿಯಿಲ್ಲ. ಉಣ್ಣೆಯ ಧಾಬಳಿ ಮಡಿಗೆ ಸಲ್ಲುವುದರಿಂದ ಇದೂ ಸಲ್ಲೀತೆಂದು ತರ್ಕಿಸಿದೆವು. ನಮ್ಮ ಮನೆಯವರು, "ಕೋಟೆಯ ಮಳೆಯಲ್ಲಿ ಇದನ್ನು ಒಗೆದರೆ ಒಣಗುವುದು ಯಾವಾಗ? ಅತ್ತಿಗೆಯವರ ತೆಳುಮೈಗೆ ಚುಚ್ಚುವುದಿಲ್ಲವೇ?" ಎಂದರು. ತರ್ಕ ಅಲ್ಲಿಗೆ ನಿಂತಿತು.

ಕೊನೆಗೆ ಬಟ್ಟೆ ಸಿಕ್ಕಿದ್ದು ಕೃಷ್ಣರಾಜನಗರದಲ್ಲಿ. ಕಾವೇರಿಯ ನೆರೆಗೆ ತುತ್ತಾದ ಹಳೆಯ ಎಡತೊರೆಗೆ ಬದಲಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎದ್ದ ಪಟ್ಟಣವಿದು. ಅಂಗಡಿಯೊಂದರಲ್ಲಿ ದಪ್ಪ ಡ್ರಿಲ್ಲು, ಕಾವಿಯ ಬಣ್ಣದ್ದು, ಕಣ್ಣಿಗೆ ಬಿತ್ತು. ಶುದ್ಧ ಹತ್ತಿಯೆಂದರು. ಅನುಮತಿ ಪಡೆದು ಅಂಚಿನ ಎರಡೆಳೆ ಕಿತ್ತು ಹೊರಗೆ ಕಡ್ಡಿ ಗೀರಿದೆವು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯುಳಿಯುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಕೂದಲಿನಂತೆ ನಾರುತ್ತದೆ. ಬೂದಿಯೇ ಉಳಿಯಿತು. ಒದ್ದೆಯ ಬಿಳಿ ಕರವಸ್ತ್ರದಿಂದ ಉಜ್ಜಿದರೆ ಬಣ್ಣ ಹತ್ತಲಿಲ್ಲ. ಬೆಳಕಿಗೆ ಹಿಡಿದರೆ ನೇಯ್ಗೆಯ ಸಂದು ಕಾಣಲಿಲ್ಲ. 54 ಅಂಗುಲದ ಪನ್ನ. 2 ಮೀಟರು ಕೊಂಡೆವು. ಗೃಹಿಣಿಯರು ಗಮನಿಸತಕ್ಕದ್ದೊಂದುಂಟು: ಹತ್ತಿಬಟ್ಟೆಯನ್ನು ಕತ್ತರಿಸುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತದಲ್ಲೇ ಕುಗ್ಗಿ, ಮೆತ್ತೆ ಒಂದಳತೆ, ಚೀಲ ಒಂದಳತೆ.

ಮೆತ್ತೆಯನ್ನು ಕುರ್ಚಿಗೆ ಮೊಳೆ ಹೊಡೆಯಿಸಲಿಲ್ಲ. ಕೆಳಗೆ ತೆಂಗಿನ ನಾರಿನ ಪದರ, ಮೇಲೆ ಹತ್ತಿ. ಅದಕ್ಕೆ ಎರಡು ಗವಸು, ಒಂದು ಒಣಗುವಾಗ ಒಂದು ಮೈಮೇಲಿರಲೆಂದು. ಜಿಪ್ಪಿಗಿಂತ ಕಸೆಯೇ ಲೇಸೆಂದೆವು. ಅಕ್ಕನವರ ಬೆರಳಿಗೆ ಕಸೆಯ ರೂಢಿಯುಂಟು.

ಕೋಟೆಯ ದಾರಿಯಲ್ಲಿ ಹೊಲಗಳಲ್ಲಿ ಹತ್ತಿ ಬಿರಿದಿತ್ತು. ಅಕ್ಕನವರು ಮೊದಲು ಗವಸನ್ನು ಬಿಚ್ಚಿಸಿ, ಬಾವಿಕಟ್ಟೆಯಲ್ಲಿ ಒಗೆಯಿಸಿ, ಒಣಗಿದ ಮೇಲೆ ತಾವೇ ಕಸೆ ಕಟ್ಟಿ ಕುಳಿತರು. "ಗಟ್ಟಿಯಾಗಿದೆ ಕಣೋ" ಎಂದರು. ಅರ್ಧ ಗಳಿಗೆಯಲ್ಲಿ ಅಲ್ಲೇ ನಿದ್ದೆಹೋದರು. ಉಳಿದ ಗೇಣಗಲದ ತುಂಡನ್ನು ಮಾರನೆಯ ದಿನ ಹೊಲಿದು ಜಪಮಣಿಯ ಚೀಲ ಮಾಡಿಕೊಂಡರು.