ಬಣ್ಣ ಕಮ್ಮಿ

ನಮ್ಮ ಅಕ್ಕನನ್ನು ನೋಡಲು ಬಂದವರಲ್ಲಿ ಒಬ್ಬರಾದರೂ ಮುಖಕ್ಕೆ ಹೊಡೆದಂತೆ ‘ಹುಡುಗಿ ಕಪ್ಪು’ ಎಂದವರಲ್ಲ. ಆ ಮಟ್ಟಿಗೆ ನಮ್ಮ ಚಿತ್ರದುರ್ಗದ ಸೀಮೆಯ ಜನ ಮರ್ಯಾದಸ್ಥರು. ಮೊದಲು ಬಂದವರು ‘ಎಣ್ಣೆಗೆಂಪು’ ಎಂದರು. ಎರಡನೆಯವರು ‘ಬಣ್ಣ ಒಂದು ಚೂರು ಕಮ್ಮಿ’ ಎಂದು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳುಹಿಸಿದರು. ಮೂರನೆಯವರು ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು, ‘ಬಣ್ಣ ಇಲ್ಲದಿದ್ದರೂ ಲಕ್ಷಣವಾಗಿದ್ದಾಳೆ’ ಎಂದು ಹೊಗಳಿ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಆಗಲೇ ಈ ಮಾತಿನಲ್ಲಿ ಏನೋ ಎಡವಟ್ಟಿದೆ ಎಂದು ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಹೊಳೆದುದು ಬೇರೆಯೇ. ಅಕ್ಕನೂ ನಾನೂ ಒಂದೇ ತಾಯಿಯ ಮಕ್ಕಳು. ಆಕೆ ಅವ್ವನ ಬಣ್ಣ, ನಾನು ಅಪ್ಪನ ಬಣ್ಣ. ನನ್ನ ಬಣ್ಣವನ್ನು ಕುರಿತು ಇಂದಿನವರೆಗೆ ಯಾರೂ ಒಂದು ಮಾತನ್ನೂ ಆಡಿದ್ದಿಲ್ಲ. ಒಲೆಯ ಮೇಲಿನ ಮಡಕೆಯಂತಿದ್ದರೂ ನನಗೆ ನಡೆಯುತ್ತಿತ್ತು. ಶೇಂಗಾ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವಳು ಆಕೆ, ಆ ಶೇಂಗಾ ಮಾರಿದ ಹಣದಲ್ಲಿ ನೆರಳಿನಲ್ಲಿ ಕೂತು ಓದುವವನು ನಾನು. ಆ ಋಣ ತೀರಿಸುವ ಉಪಾಯವೊಂದು ನನಗೆ ಸಿಕ್ಕಿತೆಂದು ಭಾವಿಸಿ, ಹಾಸ್ಟೆಲಿನ ಖರ್ಚಿನಲ್ಲಿ ಉಳಿಸಿದ ಹಣವನ್ನು ಜೇಬಿನಲ್ಲಿಟ್ಟುಕೊಂಡು ಪಟ್ಟಣದ ಒಂದು ಔಷಧದ ಅಂಗಡಿಗೆ ಹೋದೆ. ‘ಮುಖ ಬೆಳ್ಳಗಾಗಲು ಏನಾದರೂ ಕೊಡಿ’ ಎಂದೆ. ಅಂಗಡಿಯವನು ಚೀಟಿ ಕೇಳಲಿಲ್ಲ, ‘ಮದುವೆ ಹುಡುಗಿಗಾ?’ ಎಂದಷ್ಟೇ ಕೇಳಿ ಒಂದು ಸಣ್ಣ ಟ್ಯೂಬನ್ನು ಮುಂದಿಟ್ಟ. ಆ ಟ್ಯೂಬಿನ ಬೆನ್ನಿನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನೋ ಬರೆದಿತ್ತು. ಹಳಗನ್ನಡದ ಪದ್ಯವನ್ನು ಪದ ಬಿಡಿಸಿ ಓದುವ ನಾನು ಅದನ್ನು ಓದಲಿಲ್ಲ.

ಹದಿನೈದು ದಿನಗಳಲ್ಲಿ ಅಕ್ಕನ ಮುಖ ನಿಜವಾಗಿಯೂ ತಿಳಿಯಾಯಿತು. ಅವ್ವ ಮೆಣಸಿನಕಾಯಿ, ಉಪ್ಪು ಹಿಡಿದು ದೃಷ್ಟಿ ತೆಗೆದಳು. ನಾನು ಊರಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ಎರಡು ತಿಂಗಳು ಕಳೆದು ಆಗಸ್ಟಿನಲ್ಲಿ ಊರಿಗೆ ಹೋದಾಗ ನೋಡುತ್ತೇನೆ: ಕೆನ್ನೆ ಕೆಂಪಗೆ ಕೆರಳಿದೆ, ಚರ್ಮ ಈರುಳ್ಳಿಯ ಒಳಸಿಪ್ಪೆಯಂತೆ ತೆಳುವಾಗಿ ಎಳೆ ಎಳೆಯಾದ ರಕ್ತನಾಳಗಳು ಹೊರಗೆ ಕಾಣುತ್ತಿವೆ, ಗಲ್ಲದ ಮೇಲೆ ಮೊಡವೆಗಳು ಮುತ್ತಿವೆ. ‘ಹೊಲದಾಗೆ ನಿಂತ್ರೆ ಮೆಣಸಿನಕಾಯಿ ಅರೆದು ಹಚ್ಚಿದಂಗಾಗ್ತದೆ ಕಣೋ’ ಎಂದಳು. ಒಂದು ದಿನ ಹಚ್ಚದೆ ಬಿಟ್ಟರೆ ಉರಿ ಹೆಚ್ಚುತ್ತಿತ್ತಂತೆ. ಆದ್ದರಿಂದ ಇನ್ನಷ್ಟು ಹಚ್ಚುತ್ತಿದ್ದಳು.

ಚರ್ಮರೋಗದ ವೈದ್ಯೆಯೊಬ್ಬರು ಮುಖವನ್ನು ನೋಡುವ ಮೊದಲೇ ‘ಟ್ಯೂಬ್ ತಂದಿದ್ದೀರಾ?’ ಎಂದು ಕೈ ಚಾಚಿದರು. ನಾನು ಓದದಿದ್ದುದನ್ನು ಅವರು ಓದಿದರು. ಅದರಲ್ಲಿ ಇದ್ದುದು ಮೂರು ಔಷಧಿಗಳು. ಹೈಡ್ರೋಕ್ವಿನೋನ್ ಚರ್ಮದೊಳಗೆ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಟ್ರೆಟಿನಾಯಿನ್ ಮೇಲಿನ ಒಣಪದರವನ್ನು ಸುಲಿಯುತ್ತದೆ, ಮೂರನೆಯದು ಸ್ಟೀರಾಯ್ಡ್. ವೈದ್ಯರು ನೋಡಿಕೊಂಡು ಕೆಲವೇ ವಾರ ಹಚ್ಚಿಸಿದರೆ ಅದು ಔಷಧಿ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳುಮಾಡಿ ತನ್ನ ಚಟವನ್ನೂ ಹಿಡಿಸುತ್ತದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತೆಂದು ಅವರೇ ಹೇಳಿದರು. ‘ಇದನ್ನು ತಂದುಕೊಟ್ಟವರು ಯಾರು?’ ಎಂದು ಕೇಳಿದರು. ನಾನು ನೆಲ ನೋಡಿದೆ. ಅಕ್ಕ, ‘ಅಂಗಡಿಯಿಂದ ತಂದದ್ದು ಮೇಡಂ’ ಎಂದಳು. ಅಷ್ಟೇ ಹೇಳಿದಳು.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಚರ್ಮದ ವಿಚಾರವೇ ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಆ ದಿನದಿಂದ ಈಚೆಗೆ ನಾನು ಪಠ್ಯಪುಸ್ತಕಗಳಿಗಿಂತ ಹೆಚ್ಚಾಗಿ ಓದಿದುದು ಇದನ್ನೇ. ಬೇರೆ ಏನು ಬರೆಯಲು ಕೂತರೂ ಲೇಖನಿ ಇಲ್ಲಿಗೇ ಬರುತ್ತದೆ.

ವೈದ್ಯೆ ಚೀಟಿಯ ಹಿಂಬದಿಯಲ್ಲಿ ಒಂದು ಚಿತ್ರ ಬರೆದು ತೋರಿಸಿದ್ದರು. ಹೊರಚರ್ಮದ ತಳದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ, ಹೆಸರು ಮೆಲನೊಸೈಟ್. ಅವು ಕೈಗಳನ್ನು ಚಾಚಿಕೊಂಡು, ಒಂದೊಂದೂ ಸುಮಾರು 36 ನೆರೆಕೋಶಗಳಿಗೆ ಮೆಲನಿನ್ ಎಂಬ ಕಪ್ಪುಬಣ್ಣದ ಕಣಗಳನ್ನು ಹಂಚುತ್ತವೆ. ಕಣಗಳನ್ನು ಪಡೆದ ಕೋಶವು ಅವನ್ನು ಎಲ್ಲೆಂದರಲ್ಲಿ ಚೆಲ್ಲಿಕೊಳ್ಳುವುದಿಲ್ಲ. ತನ್ನ ನಡುವಿನ ನ್ಯೂಕ್ಲಿಯಸ್ಸಿನ ಮೇಲೆ, ಬಿಸಿಲು ಬರುವ ಕಡೆಗೇ, ಒತ್ತಾಗಿ ಕವಿಸಿಕೊಳ್ಳುತ್ತದೆ. ವಂಶದ ಬರಹವೆಲ್ಲ ಇರುವುದು ಆ ನ್ಯೂಕ್ಲಿಯಸ್ಸಿನಲ್ಲಿ; ಬಿಸಿಲು ಹೊಡೆದರೆ ಕೆಡುವುದು ಆ ಬರಹವೇ. ಮಳೆಯಲ್ಲಿ ನಮ್ಮೂರ ಕುರಿಗಾಹಿಗಳು ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಮುಖದ ಲಕ್ಷೋಪಲಕ್ಷ ಕೋಶಗಳು ಹೀಗೆ ಕೊಪ್ಪೆ ಹೊದ್ದು ನಿಂತಿದ್ದವು. ಕಳೆ ಕೀಳುವ ಕಾಲಕ್ಕೆ ಸರಿಯಾಗಿ ಆ ಕೊಪ್ಪೆಗಳನ್ನು ಕಿತ್ತೊಗೆಯುವ ವಸ್ತುವನ್ನು ನಾನು ಹಣ ಕೊಟ್ಟು ತಂದಿದ್ದೆ.

ಇನ್ನೂ ವಿಚಿತ್ರವಾದುದೆಂದರೆ, ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಮೆಲನೊಸೈಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ಮಾಡುವ ಕೆಲಸದಲ್ಲಿ. ಕಪ್ಪು ಚರ್ಮದಲ್ಲಿ ಕಣಗಳು ದೊಡ್ಡವು, ಒಂದೊಂದೂ ಬಿಡಿಯಾಗಿ ಹರಡಿಕೊಂಡಿರುತ್ತವೆ; ಬಿಳಿ ಚರ್ಮದಲ್ಲಿ ಸಣ್ಣವು, ಗುಂಪುಗೂಡಿರುತ್ತವೆ, ಬೇಗ ಕರಗುತ್ತವೆ. ಹಾಗಾದರೆ ‘ಬಣ್ಣ ಕಮ್ಮಿ’ ಎಂಬ ಮಾತು ಸಲ್ಲಬೇಕಾದುದು ಯಾರಿಗೆ? ಅಕ್ಕನಿಗಲ್ಲ, ನನಗೆ! ಬಣ್ಣ ತುಂಬಿರುವವಳನ್ನು ಬಣ್ಣ ಇಲ್ಲದವಳೆಂದು ಕರೆಯುವ ಈ ವಿಪರೀತಾರ್ಥವನ್ನು ಕುರಿತು ನಮ್ಮ ಅಲಂಕಾರಶಾಸ್ತ್ರದ ತರಗತಿಯಲ್ಲಿ ಯಾರೂ ಹೇಳಿಕೊಟ್ಟಿಲ್ಲ. ದ್ರೌಪದಿಗೆ ಕೃಷ್ಣೆಯೆಂದು ಹೆಸರಿಟ್ಟ ದೇಶದಲ್ಲಿ ಈ ಭಾಷೆ ಯಾವಾಗ ಹುಟ್ಟಿತೋ.

ಚರ್ಮವನ್ನು ಕೆಡಿಸುವ ಕಿರಣ ಕಣ್ಣಿಗೆ ಕಾಣುವುದಲ್ಲ. 1801ರಲ್ಲಿ ಜರ್ಮನಿಯ ಯೇನಾದಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟರ್ ಎಂಬಾತನು ಬಿಸಿಲನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣಗಳಾಗಿ ಬಿಡಿಸಿ, ಬೆಳ್ಳಿಯ ಲವಣ ಬಳಿದ ಕಾಗದವನ್ನು ಅದಕ್ಕೆ ಒಡ್ಡಿದನು. ನೇರಳೆಯ ಆಚೆಗೆ, ಏನೂ ಕಾಣದ ಕತ್ತಲಲ್ಲಿ, ಕಾಗದ ಎಲ್ಲಕ್ಕಿಂತ ಬೇಗ ಕಪ್ಪಾಯಿತು. ನೇರಳಾತೀತ ಕಿರಣಗಳು ಮನುಷ್ಯನಿಗೆ ಪರಿಚಯವಾದುದು ಹೀಗೆ, ಕಪ್ಪಾಗಿಸುವ ಕೆಲಸದಿಂದಲೇ. ಇವುಗಳಲ್ಲಿ 320ರಿಂದ 400 ನ್ಯಾನೊಮೀಟರಿನ ಉದ್ದನೆಯ ಅಲೆಗಳು ಕಿಟಕಿಯ ಗಾಜನ್ನೂ ದಾಟಿ ಬಂದು, ಇರುವ ಬಣ್ಣವನ್ನು ಆಗಿಂದಾಗ್ಗೆ ಗಾಢ ಮಾಡುತ್ತವೆ. 320ಕ್ಕಿಂತ ಗಿಡ್ಡನೆಯವು ಗಾಜಿಗೆ ಬಹುಮಟ್ಟಿಗೆ ತಡೆದು ನಿಲ್ಲುತ್ತವೆ; ಆದರೆ ಬಯಲಿನಲ್ಲಿ ಸಿಕ್ಕಿದರೆ ಸುಡುವವು ಅವೇ. ಅವು ಕೋಶದ ಬರಹವನ್ನು ಗಾಯಗೊಳಿಸಿದಾಗ ಚರ್ಮವು ಹೊಸ ಬಣ್ಣಕ್ಕೆ ಕರೆ ಕೊಡುತ್ತದೆ. ಆ ಬಣ್ಣ ಮೇಲೆ ಬರಲು ಎರಡು ಮೂರು ದಿನ ಬೇಕು. ಜಾತ್ರೆ ಮುಗಿಸಿ ಬಂದ ಮೂರನೆಯ ದಿನ ‘ಕರ್ರಗಾದೆಯಲ್ಲೋ’ ಎನ್ನಿಸಿಕೊಳ್ಳುವುದು ಇದರಿಂದ.

ಹಾಗೆಂದು ಈ ಗಿಡ್ಡ ಅಲೆಗಳು ಬರಿಯ ಶತ್ರುಗಳೂ ಅಲ್ಲ. ಮೂಳೆಗೆ ಬೇಕಾದ ಡಿ ಜೀವಸತ್ತ್ವವನ್ನು ಚರ್ಮದಲ್ಲಿ ಮಾಡಿಸುವವು ಅವೇ. ನೀನಾ ಜಬ್ಲೋನ್‌ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ ಎಂಬ ಇಬ್ಬರು 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೇಳುವುದು ಇದನ್ನೇ: ಬಿಸಿಲು ಪ್ರಖರವಾಗಿರುವ ನಾಡಿನಲ್ಲಿ ರಕ್ತದೊಳಗಿನ ಫೋಲೇಟ್ ಎಂಬ ಸತ್ತ್ವ ಬಿಸಿಲಿಗೆ ನಾಶವಾಗದಂತೆ ಚರ್ಮ ಕಪ್ಪಾಗಿ ಉಳಿಯಿತು, ಗರ್ಭದ ಕೂಸಿಗೆ ಆ ಸತ್ತ್ವ ಅತ್ಯವಶ್ಯಕ. ಬಿಸಿಲು ಬಡವಾದ ಉತ್ತರದಲ್ಲಿ ಡಿ ಜೀವಸತ್ತ್ವಕ್ಕಾಗಿ ಚರ್ಮ ಬಾಗಿಲು ತೆರೆದು ಬೆಳ್ಳಗಾಯಿತು. ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿ ಒಪ್ಪಿಲ್ಲ. ನನಗೆ ಮಾತ್ರ, ಅವ್ವನ ಬಣ್ಣ ಹೊಟ್ಟೆಯಲ್ಲಿದ್ದ ನಮ್ಮಿಬ್ಬರನ್ನೂ ಕಾಯುತ್ತಿತ್ತೆಂದು ನಂಬುವುದು ಇಷ್ಟ.

ಒಂದೇ ಮನೆಯಲ್ಲಿ ಎರಡು ಬಣ್ಣ ಹೇಗೆ ಎಂಬುದಕ್ಕೂ ಒಂದಿಷ್ಟು ಉತ್ತರ ದೊರೆಯಿತು, ಅದೂ ಮೀನಿನಿಂದ. 2005ರಲ್ಲಿ ಜೀಬ್ರಾ ಮೀನಿನ ಒಂದು ನಸುಬಣ್ಣದ ತಳಿಯಲ್ಲಿ ಕೆಟ್ಟಿದ್ದ ಜೀನು ಯಾವುದೆಂದು ಗುರುತಿಸಿದರು. ಎಸ್‌ಎಲ್‌ಸಿ24ಎ5 ಎಂಬ ಅದೇ ಜೀನು ಮನುಷ್ಯರಲ್ಲಿಯೂ ಇದ್ದು, ಅದರ ಒಂದೇ ಒಂದು ಅಕ್ಷರದ ವ್ಯತ್ಯಾಸ ಚರ್ಮವನ್ನು ತಿಳಿಗೊಳಿಸುತ್ತದೆ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರು ಇತರರೊಡನೆ ಸೇರಿ 2013ರಲ್ಲಿ ತೋರಿಸಿದಂತೆ, ಭಾರತದವರಲ್ಲಿಯೂ ಯೂರೋಪಿನವರಲ್ಲಿಯೂ ಇರುವ ಈ ಅಕ್ಷರ ಒಂದೇ ಮೂಲದಿಂದ ಬಂದುದು. ಬಣ್ಣಕ್ಕೆ ಇಂಥ ಜೀನುಗಳು ಇನ್ನೂ ಅನೇಕ. ನನ್ನ ಪಾಲಿಗೆ ಬಂದ ಒಂದೆರಡು ಅಕ್ಷರ ಅಕ್ಕನ ಪಾಲಿಗೆ ಬಂದಿರಲಾರದು. ಇದಕ್ಕಾಗಿ ಮೂರು ಮನೆಯವರು ಉಪ್ಪಿಟ್ಟು ತಿಂದು ಹೋದರು.

ವೈದ್ಯೆ ಕೊಟ್ಟ ಬೇರೆ ಔಷಧಿಯಿಂದ ಉರಿ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಮೊದಲ ವಾರಗಳಲ್ಲಿ ಮುಖ ಊದಿಕೊಂಡು ಕಣ್ಣು ಬಿಡಲಾಗದೆ ಆಕೆ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದುದನ್ನು ಅವ್ವ ನನಗೆ ಹೇಳಿದ್ದು ಬಹಳ ತಡವಾಗಿ. ನಾನು ಊರಿಗೆ ಹೋದಾಗ ಕಂಬಳಿಕೊಪ್ಪೆಯ ವೃತ್ತಾಂತವನ್ನೆಲ್ಲ ಭಾಷಣದಂತೆ ಹೇಳಿದೆ. ಅಕ್ಕ ಹೊಟ್ಟು ಕೇರುತ್ತ ಕೇಳಿಸಿಕೊಂಡು, ‘ಕೊಪ್ಪೆ ಒಳಗೇ ಐತೆ ಅಂದ್ಮೇಲೆ ಈ ಡಾಕ್ಟ್ರಮ್ಮ ತಲೆಗೆ ಬಟ್ಟೆ ಕಟ್ಟು ಅಂತ ಯಾಕೆ ಬೈತಾರೆ?’ ಎಂದಳು.

ಪ್ರಶ್ನೆ ನ್ಯಾಯವಾದುದು. 1979ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದಾಗ, ಸುಡುವ ಕಿರಣದಲ್ಲಿ ಬಿಳಿಯರ ಹೊರಚರ್ಮ ನೂರಕ್ಕೆ 24 ಪಾಲನ್ನು ಒಳಕ್ಕೆ ಬಿಟ್ಟರೆ, ಕಪ್ಪು ಜನರದು 7.4 ಪಾಲನ್ನು ಬಿಟ್ಟಿತು. ಒಳಗಿನ ಕೊಪ್ಪೆ ದೊಡ್ಡದೇ, ಆದರೆ ಸೋರದ ಕೊಪ್ಪೆಯಲ್ಲ. ಅದರಲ್ಲಿಯೂ ನಮ್ಮ ಸೀಮೆ ಹದಿನಾಲ್ಕು ಡಿಗ್ರಿ ಅಕ್ಷಾಂಶದ ಮೇಲಿದೆ. ಏಪ್ರಿಲಿನ ಕೊನೆಯ ವಾರದಲ್ಲೊಮ್ಮೆ, ಆಗಸ್ಟಿನ ನಡುವಿನಲ್ಲೊಮ್ಮೆ ನಡುಹಗಲಿನ ಸೂರ್ಯ ನೆತ್ತಿಗೆ ನೇರ ಬಂದು ನೆರಳು ಪಾದದಡಿ ಅಡಗುತ್ತದೆ. ಶೇಂಗಾ ಕಳೆ ಕೀಳುವುದು ಆ ಆಗಸ್ಟಿನಲ್ಲಿಯೇ. ಮೋಡವಿದೆಯಲ್ಲ ಎಂದು ನೆಚ್ಚುವಂತಿಲ್ಲ, ತೆಳುಮೋಡವನ್ನು ಈ ಕಿರಣ ಸಲೀಸಾಗಿ ದಾಟುತ್ತದೆ. ಗಡಿಯಾರ ನೋಡುವುದೂ ಬೇಡ: ನಿನ್ನ ನೆರಳು ನಿನಗಿಂತ ಗಿಡ್ಡವಾಗಿದ್ದಾಗ ಬಿಸಿಲು ಕೆಟ್ಟದ್ದು, ಉದ್ದವಾಗಿದ್ದಾಗ ಅಷ್ಟಿಲ್ಲ ಎಂದು ಹೇಳಿದೆ. ‘ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?’ ಎಂದಳು. ಬಿಸಿಲಿಗೆ ಹಚ್ಚುವ ಕ್ರೀಮುಗಳೂ ಇವೆ. 30 ಎಂದು ಬರೆದಿರುವುದು ಸುಡುವ ಕಿರಣದಲ್ಲಿ ನೂರಕ್ಕೆ 97 ಪಾಲನ್ನು ತಡೆಯುತ್ತದೆ. ಅದು ಧಾರಾಳವಾಗಿ, ಎರಡು ಗಂಟೆಗೊಮ್ಮೆ ಹಚ್ಚಿದರೆ ಮಾತ್ರ. ಬೆವರು ಸುರಿಯುವ ಹೊಲದಲ್ಲಿ ಅದು ಯಾರ ಕೈಲಾಗುತ್ತದೆ? ಅಲ್ಲದೆ, ಅಕ್ಕನ ಮುಂದೆ ಇನ್ನೊಂದು ಟ್ಯೂಬಿನ ಹೆಸರೆತ್ತುವ ಧೈರ್ಯ ನನಗಿರಲಿಲ್ಲ. ಒತ್ತಾಗಿ ನೇಯ್ದ ಗಾಢಬಣ್ಣದ ಹತ್ತಿಬಟ್ಟೆಯೂ ಒಳ್ಳೆಯ ರಕ್ಷಣೆಯೇ.

ಈ ಸಲ ಪಟ್ಟಣದಿಂದ ತರಬೇಕಾದುದರ ಪಟ್ಟಿಯಲ್ಲಿ ಅಂಥ ಬಟ್ಟೆ ಎರಡು ಮೀಟರ್ ಎಂದು ಬರೆಸಿದ್ದಾಳೆ. ದೀಪಾವಳಿಯ ಹೊತ್ತಿಗೆ ನಾಲ್ಕನೆಯ ಮನೆಯವರು ಬರುವವರಿದ್ದಾರೆ. ಅವ್ವ ಪೌಡರಿನ ಮಾತೆತ್ತಿದರೆ ಅಕ್ಕ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಾಳೆ. ಬಟ್ಟೆ ಯಾವ ಬಣ್ಣದ್ದು ತರಲಿ ಎಂದು ಹೊರಡುವಾಗ ಕೇಳಿದೆ.

‘ಕಪ್ಪೇ ತಾರೋ,’ ಎಂದಳು. ‘ಮಣ್ಣಾದ್ರೂ ಕಾಣಲ್ಲ.’