ಅಂಗಳದಲ್ಲಿ ಹೂತ ನಾಣ್ಯಗಳು

ಬೀದರ್ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಐಟಿಐ ಓದುತ್ತಿದ್ದ ಔರಾದಿನ ಹುಡುಗನೊಬ್ಬ ತಾನೇ ಒಂದು ಲೋಹಶೋಧಕ ಯಂತ್ರ ಕಟ್ಟಿದ. ತಾಮ್ರದ ತಂತಿಯ ಸುರುಳಿ, ನಾಲ್ಕಾರು ಟ್ರಾನ್ಸಿಸ್ಟರು, ಒಂದು ಬ್ಯಾಟರಿ, ಕಿವಿಗೆ ಹಳೆಯ ಇಯರ್‌ಫೋನು. ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಹತ್ತಿರದ ಲೋಹದಲ್ಲಿ ಸುಳಿ ಪ್ರವಾಹ ಎಬ್ಬಿಸುತ್ತದೆ. ಅದರ ಪ್ರಭಾವ ಮರಳಿ ಸುರುಳಿಗೆ ತಾಗಿ ಸ್ವರ ಬದಲಾಗುತ್ತದೆ. ಇದರ ಬೇರು 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವದಲ್ಲಿದೆ.

ಆದರೆ ಕೋಣೆಯ ಹಿತ್ತಲಲ್ಲಿ ಯಂತ್ರ ಎಲ್ಲಿ ಹಿಡಿದರೂ ಕೂಗಿತು. ಬೀದರ್ ಕುಳಿತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕೆಂಪು ಮಣ್ಣಿನ ತುಂಬ ಕಬ್ಬಿಣದ ಅಂಶ. ಸುರುಳಿ ಒಂದಂಗುಲ ಮೇಲೆ ಕೆಳಗಾದರೂ ನಾಣ್ಯ ಸಿಕ್ಕಂತೆಯೇ ಸದ್ದು. ಕೋಣೆಯೊಳಗೆ ಹಿಡಿದರೆ ಕಬ್ಬಿಣದ ಮಂಚ ಕೂಗಿಸಿತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯೊಳಗಿನ ಗುಂಡನ್ನು ಇಂಥದೇ ಸಾಧನದಿಂದ ಹುಡುಕಲು ಹೋದ ಗ್ರಹಾಂ ಬೆಲ್‌ಗೂ ಹಾಸಿಗೆಯ ಉಕ್ಕಿನ ತಂತಿಗಳು ಅಡ್ಡಿಯಾಗಿದ್ದವು. ಗುಂಡು ಸಿಗಲೇ ಇಲ್ಲ.

ದಸರೆ ರಜೆಯಲ್ಲಿ ಹುಡುಗ ಔರಾದಿನ ಮನೆಯ ಅಂಗಳವನ್ನೇ ಶಾಲೆ ಮಾಡಿಕೊಂಡ. ರೂಪಾಯಿ ನಾಣ್ಯ, ಮೊಳೆ, ಸೋಡಾ ಬಾಟಲಿಯ ಮುಚ್ಚಳ, ಮಾತ್ರೆಯ ಬೆಳ್ಳಿಬಣ್ಣದ ಹಾಳೆ ಇವನ್ನೆಲ್ಲ ತಮ್ಮನ ಕೈಯಿಂದ ಎರಡಂಗುಲ, ನಾಲ್ಕಂಗುಲ ಆಳದಲ್ಲಿ ಹೂಳಿಸಿದ. ತಾನು ನೋಡದೆ ಹುಡುಕಿದ. ಮೊದಲ ದಿನ ಹತ್ತರಲ್ಲಿ ಮೂರು ಸಿಕ್ಕವು; ವಾರದ ಕೊನೆಗೆ ಏಳು. ಸುರುಳಿ ನೆಲಕ್ಕೆ ಸಮನಾಗಿರಬೇಕು, ಕೂರಿಗೆಯ ಸಾಲಿನಂತೆ ಒಂದರ ಪಕ್ಕಕ್ಕೊಂದು ನಿಧಾನವಾಗಿ ಬೀಸಬೇಕು ಎಂಬುದು ಕೈಗೆ ಬಂತು.

ಓಣಿಯ ಹಿರಿಯರೊಬ್ಬರು ಬಂದು ಪಿಸುಗುಟ್ಟಿದರು: "ತಮ್ಮಾ, ಅಮಾಸಿ ರಾತ್ರಿ ಹಾಳು ಗುಡಿ ಕಡಿ ಬರ್ತಿಯೇನು? ಸಿಕ್ಕದ್ದರಾಗ ಅರ್ಧ ನಿಂದು."

"ಕಾಕಾ, ಬಂಗಾರ ಯಾವುದು, ಮಾತ್ರಿ ಹಾಳಿ ಯಾವುದು ಇದಕ್ಕ ತಿಳಿಯಂಗಿಲ್ರಿ" ಎಂದ ಹುಡುಗ. ಸಂರಕ್ಷಿತ ಸ್ಮಾರಕದ ನೆಲವನ್ನು ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧ. ನೆಲದಲ್ಲಿ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನೂ ಉಂಟು. ಹಿರಿಯರು ಮತ್ತೆ ಬರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಭಾಲ್ಕಿಯಿಂದ ಸೋದರತ್ತೆ ಹೇಳಿ ಕಳಿಸಿದಳು. ತೊಗರಿ ರಾಶಿಯ ದಿನ ಅವಳ ಒಂದು ಬೆಂಡೋಲೆ ಹೊಲದಲ್ಲಿ ಕಳೆದಿತ್ತು. ಅಂದು ಕೂಲಿಗೆ ಬಂದಿದ್ದ ಹೆಂಗಸಿನ ಮೇಲೆ ಅನುಮಾನ. ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಮರುದಿನದಿಂದ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ, ಅಷ್ಟೆ.

ಹುಡುಗ ಎರಡು ಸಂಜೆ ಹೊಲ ಸುತ್ತಿದ. ಎರೆಮಣ್ಣೂ ಗುನುಗುತ್ತಿತ್ತು. ಆದರೆ ಮಣ್ಣಿನ ಗುನುಗು ಯಾವುದು, ಲೋಹದ ಕರೆ ಯಾವುದು ಎಂದು ಅವನ ಕಿವಿ ಅಷ್ಟರಲ್ಲಿ ಪಳಗಿತ್ತು. ಸಿಕ್ಕದ್ದು ಎತ್ತಿನ ಲಾಳ, ಕುಡುಗೋಲಿನ ಚೂರು. ಮೂರನೆಯ ಸಂಜೆ, ಎಲ್ಲರೂ ಬುತ್ತಿ ಬಿಚ್ಚಿದ್ದ ಬೇವಿನ ಗಿಡದ ಕೆಳಗೆ, ಒಂದಂಗುಲ ಮಣ್ಣಿನಡಿ ಬೆಂಡೋಲೆ ಸಿಕ್ಕಿತು.

ಅತ್ತೆ ಅದನ್ನು ಕಿವಿಗೆ ಇಟ್ಟುಕೊಳ್ಳಲಿಲ್ಲ. ಮಣ್ಣು ಮೆತ್ತಿದ ಓಲೆಯನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಆ ಹೆಂಗಸಿನ ಮನೆಗೆ ನಡೆದಳು. ಬಾಗಿಲಲ್ಲಿ ನಿಂತು, "ಸಿಕ್ತವ್ವಾ" ಎಂದಳು.

ಒಳಗಿನಿಂದ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಆಕೆ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು.