ಕಡ್ಡಿ ಹೋಗಿ ಗೇಜು ಬಂತು

ನಮ್ಮ ಕಡೆಯ ಚಿಮ್ಮನಚೋಡದಲ್ಲಿ ಮೊದಲೆಲ್ಲ ಟೈರಿನ ಆಯುಷ್ಯ ಹೇಳುತ್ತಿದ್ದದ್ದು ಬೆಂಕಿಕಡ್ಡಿ. ಪಂಕ್ಚರ್ ಅಂಗಡಿಯವರು ಕಡ್ಡಿಯನ್ನು ಟೈರಿನ ಗೆರೆಯೊಳಗೆ ಇಳಿಸಿ, ರಬ್ಬರಿನ ಮಟ್ಟಕ್ಕೆ ಉಗುರು ಒತ್ತಿ, ಹೊರಗೆಳೆದು ತೋರಿಸುತ್ತಿದ್ದರು. "ಇನ್ನಾ ಒಂದ್ ಮಳಿಗಾಲ ಓಡ್ತದ ತಗೋರಿ" ಅಂದರೆ ಮುಗಿಯಿತು. ವಾಡಿ, ಸೇಡಂನ ಸಿಮೆಂಟು, ಶಹಾಬಾದಿನ ಫರಸಿ, ನಮ್ಮ ಕಡೆಯ ತೊಗರಿ ಹೊತ್ತ ಲಾರಿಗಳು ಆ ಮಾತಿನ ಮೇಲೆಯೇ ಓಡಿದವು.

ಗೆರೆಯ ಆಳ ಅಳೆಯುವ ಗೇಜನ್ನು ನಾನು ಮೊದಲು ಕಂಡದ್ದು ಟೈರ್ ಕಂಪನಿಯ ಕ್ಲೇಮ್ ಸಾಹೇಬರ ಜೇಬಿನಲ್ಲಿ. ಪೆನ್ನಿನಂತೆ ಕ್ಲಿಪ್ಪು, ತುದಿಗೆ ಸೂಜಿ. ಕೆಟ್ಟ ಟೈರನ್ನು ಉರುಳಿಸಿ ತಂದರೆ ಅಲ್ಲಲ್ಲಿ ಚುಚ್ಚಿ, ಅಂಕಿಯನ್ನು ಖಡುವಿನಿಂದ ಟೈರಿನ ಮೇಲೇ ಬರೆಯುತ್ತಿದ್ದರು. ತಯಾರಿಕೆಯ ದೋಷ ಅಂತ ಒಪ್ಪಿದರೂ ಸವೆದಷ್ಟಕ್ಕೆ ಮಾಲೀಕನೇ ದುಡ್ಡು ತೆರಬೇಕು. ಹೊಸದರಲ್ಲಿ 16 ಮಿ.ಮೀ. ಇದ್ದದ್ದು 8ಕ್ಕೆ ಇಳಿದಿದ್ದರೆ ಹೊಸ ಟೈರಿಗೆ ಅರ್ಧ ಬೆಲೆ. ಮಿಲಿಮೀಟರ್ ಅಂದರೆ ರೊಕ್ಕ ಎಂದು ತಿಳಿದ ಮೇಲೆಯೇ ಲಾರಿಯವರು ತಾವೂ ಗೇಜು ಕೊಂಡರು. ಸುರಕ್ಷತೆಯ ಭಾಷಣ ಕೇಳಿ ಕೊಂಡವರನ್ನು ನಾನಂತೂ ಕಾಣೆ.

ಕೊಂಡ ಮೇಲೆ ಇನ್ನೊಂದು ಸಂಗತಿ ಬಯಲಾಯಿತು. ಕಡ್ಡಿಯನ್ನು ಎಲ್ಲರೂ ನಡುವಿನ ಗೆರೆಗೇ ಹಾಕುತ್ತಿದ್ದರು. ಗಾಳಿ ಕಡಿಮೆಯಿದ್ದರೆ, ಲೋಡು ಹೆಚ್ಚಾದರೆ ಸವೆಯುವುದು ಎರಡೂ ಅಂಚು. ಅಲೈನ್‌ಮೆಂಟ್ ತಪ್ಪಿದರೆ ಒಂದೇ ಅಂಚು. ನಡುವೆ ಗ್ರಿಪ್ ಚೆನ್ನಾಗಿದೆ ಅಂದುಕೊಂಡ ಟೈರಿನ ಒಳಅಂಚು ಬೋಳಾಗಿರುತ್ತಿತ್ತು.

ಈಗ ಡಿಜಿಟಲ್ ಗೇಜು, ಕೆಂಪು-ಹಳದಿ-ಹಸಿರಿನ ಪ್ಲಾಸ್ಟಿಕ್ ಗೇಜು ಎಲ್ಲ ಕೊರಿಯರಿನಲ್ಲಿ ಬರುತ್ತವೆ. ಡಿಜಿಟಲ್‌ನಲ್ಲಿ ಅಂಕಿ ಸ್ಪಷ್ಟ, ನಿಜ. ಆದರೆ ಎರಿ ಮಣ್ಣು ಸಂದಿಗೆ ಹೊಕ್ಕರೆ ಅದರ ಜಾರುವ ಪಟ್ಟಿ ಹಿಡಿದುಕೊಳ್ಳುತ್ತದೆ. ಸೆಲ್ ಮುಗಿದರಂತೂ ಕೇಳಲೇಬೇಡಿ. ಬಣ್ಣದ ಗೇಜು ಬದಲಿಸು ಅನ್ನುತ್ತದೆಯೇ ಹೊರತು ಎಷ್ಟು ಉಳಿದಿದೆ ಎಂದು ಸರಿಯಾಗಿ ಹೇಳದು. ನನ್ನನ್ನು ಕೇಳಿದರೆ, ಅಂಕಿ ಕೊರೆದ ಲೋಹದ ಪೆನ್ ಗೇಜೇ ಸಾಕು. ಕೊಳ್ಳುವಾಗ ಪಾಲಿಶ್ ಫರಸಿಯ ಮೇಲೆ ಒತ್ತಿ ನೋಡಿ. ಸೊನ್ನೆಗೆ ಬರದಿದ್ದರೆ ವಾಪಸ್ ಕೊಡಿ.

ಅಳೆಯುವ ಮುಂಚೆ ಗೆರೆಯಲ್ಲಿ ಕೂತ ಎರಿ, ಹರಳು ಕೆರೆದು ತೆಗೆಯಿರಿ. ಗೆರೆಯ ತಳದಲ್ಲಿ ಅಲ್ಲಲ್ಲಿ ಉಬ್ಬಿರುವ ಸವೆತದ ಗುರುತಿನ ಮೇಲೆ ಸೂಜಿ ಕೂರದಿರಲಿ. ಒಳಅಂಚು, ನಡು, ಹೊರಅಂಚು ಮೂರೂ ಕಡೆ ನೋಡಿ, ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಲಾರಿ, ಕಾರಿಗೆ ಕನಿಷ್ಠ 1.6 ಮಿ.ಮೀ., ಬೈಕು, ಆಟೊಗಳಿಗೆ 0.8 ಎಂದಿದೆ. ಮಳೆನೀರು ನಿಂತ ರಸ್ತೆಗೆ ಅಷ್ಟು ಸಾಲದು. ಕಾರಿನವರು 3ಕ್ಕೆ ಇಳಿದಾಗಲೇ ಹೊಸ ಟೈರು ಹಾಕಿಸಿಬಿಡಿ.